ಮನೆಯೊಳಗಿನ ಕಾಶಿ: ಕನ್ನಡ ಚಲಚ್ಚಿತ್ರದಲ್ಲಿ ವಿಧವೆಯ ಬಾಳು



ಸಮೇತನಹಳ್ಳಿಯ ಒಂದು ಮನೆತನದವರು ತಮ್ಮ ಮಾತೃಶ್ರೀಯವರ ನೆನಪು ವರ್ಷಕ್ಕೊಮ್ಮೆಯಾದರೂ ಜ್ಞಾನಪ್ರಸಾರದ ರೂಪದಲ್ಲಿ ಮರುಕಳಿಸುತ್ತಿರಲೆಂಬ ಸದಭಿಲಾಷೆಯಿಂದ ಇರಿಸಿರುವ ದತ್ತಿಯ ಉಪನ್ಯಾಸವನ್ನು ಮಾಡಬೇಕೆಂದು ನನಗೆ ಅಪ್ಪಣೆಯಾದಾಗ, ಆ ತಾಯಿ ತಮ್ಮ ಆಯುಷ್ಯದ ಬಹುಭಾಗವನ್ನು ಪತಿವಿಯೋಗದಲ್ಲಿಯೇ ಕಳೆದು ಮಕ್ಕಳನ್ನು ದಡ ಸೇರಿಸಿದವರೆಂಬ ಸಂಗತಿಯನ್ನು ಕೇಳಿದ ಮೇಲೆ, ವಿಷಯವನ್ನು ಹುಡುಕುವ ಶ್ರಮ ನನಗೆ ಉಳಿಯಲಿಲ್ಲ. ಸಾಹಿತ್ಯದ ಮಾತು ಈ ಊರಿಗೆ ಹೊಸತೂ ಅಲ್ಲ. ಸಮೇತನಹಳ್ಳಿ ರಾಮರಾಯರು ತಮ್ಮ ಹೆಸರಿನೊಡನೆ ಊರಿನ ಹೆಸರನ್ನೂ ಗ್ರಂಥಗಳ ಮುಖಪುಟಕ್ಕೆ ಏರಿಸಿ, ಹೊಸಕೋಟೆಯನ್ನು ಕಾಣದ ಕನ್ನಡಿಗರಿಗೂ ಸಮೇತನಹಳ್ಳಿಯನ್ನು ಪರಿಚಯ ಮಾಡಿಸಿದ್ದಾರೆ. ಸಿನಿಮಾದ ಮಾತನ್ನು ಇಂಥ ಸಭೆಯಲ್ಲಿ ಆಡಬಹುದೆ ಎಂದು ಹಿರಿಯರೊಬ್ಬರು ಮೆಲ್ಲನೆ ಕೇಳಿದರು. ಪುರಾಣಶ್ರವಣದಿಂದ ನಮ್ಮ ಅಜ್ಜಿಯರಿಗೆ ದೊರೆಯುತ್ತಿದ್ದ ಧರ್ಮಾಧರ್ಮ ವಿವೇಚನೆಯ ಒಂದು ಪಾಲನ್ನಾದರೂ ಒಳ್ಳೆಯ ಚಲಚ್ಚಿತ್ರವು ಇಂದಿನವರಿಗೆ ಕೊಡಬಲ್ಲುದೆಂಬ ನಂಬಿಕೆಯಿಂದ ನಾನು ಮುಂದುವರಿಯುತ್ತೇನೆ.

ವಿಧವೆಯರ ದುಃಸ್ಥಿತಿಯನ್ನು ಕುರಿತ ಚಿತ್ರವೆಂದೊಡನೆ ಓದುಬರಹ ಬಲ್ಲವರ ನಾಲಗೆಗೆ ಮೊದಲು ಬರುವ ಹೆಸರು ದೀಪಾ ಮೆಹ್ತಾ ಅವರ ‘ವಾಟರ್’. ಕಾಶಿಯಲ್ಲಿ ಅದರ ಚಿತ್ರೀಕರಣಕ್ಕೆ ಕೈಹಾಕಿದ 2000ದಲ್ಲಿ ದೊಂಬಿಯೆದ್ದು, ಕಟ್ಟಿದ್ದ ಸೆಟ್ಟುಗಳು ಗಂಗೆಯ ಪಾಲಾಗಿ, ಕಡೆಗೆ ಸಿಂಹಳದ ನದೀತೀರವನ್ನೇ ಕಾಶಿಯಾಗಿಸಿ ಮುಗಿಸಿದ ಆ ಚಿತ್ರ 2005ರಲ್ಲಿ ತೆರೆ ಕಂಡಿತು. ಕೆನಡಾ ದೇಶದ ಪರವಾಗಿ ಆಸ್ಕರ್ ಸ್ಪರ್ಧೆಯವರೆಗೂ ಹೋಯಿತು. 1938ರ ಕಾಲದಲ್ಲಿ ಎಂಟು ವರ್ಷದ ಚುಯಿಯಾ ಎಂಬ ಹುಡುಗಿ ಗಂಡನನ್ನು ಕಳೆದುಕೊಂಡು, ಕೂದಲನ್ನೂ ಕಳೆದುಕೊಂಡು, ವಿಧವೆಯರ ಆಶ್ರಮವೊಂದಕ್ಕೆ ಬಂದು ಬೀಳುವಲ್ಲಿ ಕಥೆ ಮೊದಲಾಗುತ್ತದೆ. ಮನ ಕಲಕುವ ಚಿತ್ರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದನ್ನು ನೋಡಿ ಎದ್ದು ಬರುವ ಪ್ರೇಕ್ಷಕನಿಗೆ ಒಂದು ಅನುಕೂಲವುಂಟು: ಆಶ್ರಮ ದೂರದ್ದು, ನದಿ ದೂರದ್ದು, ಆ ಮಕ್ಕಳನ್ನು ಅಲ್ಲಿಗೆ ತಂದು ಬಿಟ್ಟುಹೋದವರ ಮನೆ ತೆರೆಯ ಮೇಲೆ ಹೆಚ್ಚುಹೊತ್ತು ನಿಲ್ಲುವುದಿಲ್ಲ. ಕನ್ನಡದ ಚಿತ್ರಗಳು ಈ ಅನುಕೂಲವನ್ನು ನಮಗೆ ಕೊಡಲಿಲ್ಲ. ಅವು ವಿಧವೆಯನ್ನು ಕಾಶಿಗೆ ಕಳುಹಿಸದೆ ಹೆತ್ತವರ ಮನೆಯ ಹಿತ್ತಿಲಲ್ಲಿ, ಅಡುಗೆಮನೆಯ ಒಲೆಯ ಮುಂದೆ ಇಟ್ಟು ತೋರಿಸಿದವು. ಕ್ರೌರ್ಯವು ಅಲ್ಲಿ ವಾತ್ಸಲ್ಯದೊಡನೆ ಒಂದೇ ಸೂರಿನಡಿ ವಾಸಮಾಡುತ್ತದೆ. ನಾನು ಇಂದು ಹೇಳಬಯಸುವುದು ಮುಖ್ಯವಾಗಿ ಇಷ್ಟನ್ನೇ.

ಈ ಚಿತ್ರಗಳಲ್ಲಿ ಅಗ್ರಸ್ಥಾನಕ್ಕೆ ಸಲ್ಲತಕ್ಕದ್ದು ‘ಫಣಿಯಮ್ಮ’. ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿ, ನಡುವಯಸ್ಸು ಮುಟ್ಟಿದ ಮೇಲೆ ಕಾದಂಬರಿಗಳನ್ನು ಬರೆಯತೊಡಗಿ, ‘ತುಂಗಭದ್ರಾ’, ‘ಗೆಜ್ಜೆಪೂಜೆ’ಗಳಿಂದ ಮನೆಮಾತಾದ ಎಂ. ಕೆ. ಇಂದಿರಾ ಅವರು 1976ರಲ್ಲಿ ಪ್ರಕಟಿಸಿದ ಕಾದಂಬರಿ ಇದರ ಮೂಲ. ಫಣಿಯಮ್ಮ ಕಲ್ಪನೆಯ ಪಾತ್ರವಲ್ಲ. ಲೇಖಕಿಯ ಬಂಧುವರ್ಗದಲ್ಲಿಯೇ ಬಾಳಿ, ನೂರು ವರ್ಷವನ್ನು ಮೀರಿದ ಆಯುಷ್ಯವನ್ನು ಸವೆಸಿ ಹೋದ ಜೀವ. ತಾಯಿಯ ಬಾಯಿಂದ ಕೇಳಿದುದನ್ನು ಮಗಳು ಬರೆದಿಟ್ಟಳು. ಪ್ರೇಮಾ ಕಾರಂತರು ಅದನ್ನು ಚಲಚ್ಚಿತ್ರವಾಗಿಸಿದರು. ಕನ್ನಡದ ಮೊದಲ ಮಹಿಳಾ ನಿರ್ದೇಶಕಿಯೆಂದು ಹೆಸರಾದ, ಮಕ್ಕಳ ರಂಗಭೂಮಿಯಲ್ಲಿ ನುರಿತ ಕೈ ಅವರದು, ಬಿ. ವಿ. ಕಾರಂತರದು ಸಂಗೀತ, ಹಿರಿಯ ಫಣಿಯಮ್ಮನಾಗಿ ಎಲ್. ವಿ. ಶಾರದಾ. 1982ನೆಯ ಸಾಲಿನ ಶ್ರೇಷ್ಠ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಅದಕ್ಕೆ ಸಂದಿತು. ಹೇಳಿದವಳೂ ಬರೆದವಳೂ ತೆರೆಗೆ ತಂದವಳೂ ಹೆಂಗಸರೇ ಆದುದರಿಂದಲೋ ಏನೋ, ಈ ಕೃತಿಯಲ್ಲಿ ಕರುಣೆಯ ಪ್ರದರ್ಶನ ಎಲ್ಲಿಯೂ ಕಾಣದು.

ತುಂಬಿದ ಅವಿಭಕ್ತ ಕುಟುಂಬದ ಮುದ್ದಿನ ಕೂಸು ಫಣಿ. ಮದುವೆಯೆಂದರೆ ಹೊಸ ಸೀರೆ, ಹೂವು, ಓಲಗ ಎಂದಷ್ಟೇ ತಿಳಿದ ವಯಸ್ಸಿನಲ್ಲಿ ಅವಳಿಗೆ ಮದುವೆಯಾಗುತ್ತದೆ. ಹೊಸ ಸೀರೆಯ ಗಂಜಿ ಬಿಡುವ ಮೊದಲೇ ಗಂಡು ತೀರಿಹೋಗುತ್ತಾನೆ. ಬಳೆ ಹೋಯಿತು, ಕುಂಕುಮ ಹೋಯಿತು; ಕೂದಲು ಮಾತ್ರ ಅವಳು ಮೈನೆರೆಯುವವರೆಗೆ ಉಳಿಯಿತು. ಮೈನೆರೆದ ಹೆಣ್ಣಿನ ಮನೆಯಲ್ಲಿ ಆರತಿ, ಹಾಡು, ಚಿಗಲಿ ತಂಬಿಟ್ಟುಗಳ ಸಂಭ್ರಮವಿರಬೇಕಾದ ಹೊತ್ತಿಗೆ ಆ ಮನೆಗೆ ಕ್ಷೌರಿಕನಿಗೆ ಹೇಳಿಕಳುಹಿಸುತ್ತಾರೆ. ಅಲ್ಲಿಂದಾಚೆಗೆ ಎಲ್ಲರಿಗಿಂತ ಮುಂಚೆ ತಣ್ಣೀರ ಸ್ನಾನ, ಬೋಳುತಲೆಯ ಮೇಲೆ ಸೆರಗು ಹೊದ್ದ ಮಡಿಯ ಸೀರೆ, ದಿನಕ್ಕೊಂದೇ ಊಟ, ಊರಿನವರ ಬಾಣಂತನ, ಊರಿನವರ ಶ್ರಾದ್ಧದ ಅಡುಗೆ. ಇದನ್ನೆಲ್ಲ ಮಾಡಿಸಿದವರಾರು? ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತಲೆ ಬಾಚಿದವರೇ. ಅವರು ಅತ್ತರು, ಅಳುತ್ತಲೇ ಮಾಡಿಸಿದರು. ಪ್ರತಿನಾಯಕನೊಬ್ಬನಿದ್ದಿದ್ದರೆ ನಮ್ಮ ಕೋಪಕ್ಕೆ ಒಂದು ನೆಲೆ ದೊರೆಯುತ್ತಿತ್ತು. ಇಲ್ಲಿ ಶಾಸ್ತ್ರವೂ ಊರ ಬಾಯಿಯೂ ಒಂದಾಗಿ ಒಳ್ಳೆಯವರ ಕೈಯಿಂದಲೇ ಕೆಲಸ ತೆಗೆದುಕೊಂಡುಬಿಡುತ್ತವೆ. ಯಾರ ಮೇಲೂ ಕೋಪ ನಿಲ್ಲದೆ ಅದು ತಿರುಗಿ ನೋಡುವವನ ಎದೆಗೇ ಬರುತ್ತದೆ.

ಇಷ್ಟೇ ಆಗಿದ್ದಲ್ಲಿ ‘ಫಣಿಯಮ್ಮ’ ದುಃಖದ ಚಿತ್ರವಾಗಿ ನಿಲ್ಲುತ್ತಿತ್ತು. ಹೆರಿಗೆಯ ಸಂಕಟದಲ್ಲಿದ್ದ ಅಸ್ಪೃಶ್ಯಳೆನಿಸಿಕೊಂಡ ಹೆಣ್ಣೊಬ್ಬಳ ಮಗುವನ್ನು ಹೊರತರಲು ಮಡಿಯ ಮುದುಕಿ ತನ್ನ ಕೈಯನ್ನು ಹಿಂದೆಗೆಯದಿರುವ ಪ್ರಸಂಗದಲ್ಲಿ ಅದು ಮೊದಲ ಸಲ ತನ್ನ ದಾರಿಯನ್ನು ಬದಲಿಸುತ್ತದೆ. ದಾಕ್ಷಾಯಿಣಿಯ ಪ್ರಸಂಗದಲ್ಲಂತೂ ಪೂರಾ ತಿರುಗಿಬಿಡುತ್ತದೆ. ಎಳೆಯ ವಿಧವೆ ದಾಕ್ಷಾಯಿಣಿ ತಲೆ ಬೋಳಿಸಿಕೊಳ್ಳುವುದಿಲ್ಲವೆಂದು ಹಟ ಹಿಡಿಯುತ್ತಾಳೆ. ಹಿರಿಯರೆಲ್ಲ ಒಂದು ಕಡೆ, ಹುಡುಗಿ ಒಂದು ಕಡೆ. ಅಂಥಲ್ಲಿ, ಒಂದು ನೇಮವನ್ನೂ ತನ್ನ ಜೀವಮಾನದಲ್ಲಿ ಮುರಿಯದ ಫಣಿಯಮ್ಮ ಹುಡುಗಿಯ ಪಕ್ಷ ವಹಿಸಿ ನಿಲ್ಲುತ್ತಾಳೆ. ಸುಧಾರಕರ ಭಾಷಣವನ್ನು ಅವಳು ಕೇಳಿದವಳಲ್ಲ, ಪುಸ್ತಕವನ್ನು ಓದಿದವಳಲ್ಲ. ತಾನು ಅನುಭವಿಸಿದುದನ್ನು ತೂಗಿ ನೋಡಿ, ಇದು ಇನ್ನೊಬ್ಬಳಿಗೆ ಬೇಡವೆಂದು ತೀರ್ಪು ಕೊಟ್ಟವಳು. ತನಗೆ ಬಿದ್ದ ಕಷ್ಟ ಮುಂದಿನವಳಿಗೂ ಬೀಳಲಿ ಎಂಬುದು ಅತ್ತೆಯಿಂದ ಸೊಸೆಗೆ ಇಳಿದುಬರುವ ಲೋಕದ ಸಾಮಾನ್ಯ ನ್ಯಾಯ. ಆ ಸರಪಳಿ ಅವಳಲ್ಲಿ ತುಂಡಾಯಿತು. ವಿಧವೆಯನ್ನು ಕನಿಕರದ ವಸ್ತುವಾಗಿ ತೋರಿಸಿದ ಚಿತ್ರಗಳು ಹಲವಿವೆ. ನ್ಯಾಯಪೀಠದಲ್ಲಿ ಕೂರಿಸಿದ ಚಿತ್ರ ನಾನು ಬಲ್ಲಂತೆ ಇದೊಂದೇ.

ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ ಇದಕ್ಕಿಂತ ಕಠಿಣ, ಕಲೆಯ ದೃಷ್ಟಿಯಿಂದ ಹೆಚ್ಚು ಬಿಗಿ. ಅನಂತಮೂರ್ತಿಯವರ ಕಥೆಯನ್ನಾಧರಿಸಿ 1977ರಲ್ಲಿ ಬಂದು, ದೇಶದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲವನ್ನು ಪಡೆದ ಈ ಕೃತಿ, ಜೀರ್ಣೋದ್ಧಾರಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಮತ್ತೆ ಪ್ರದರ್ಶಿತವಾಯಿತು. ವೇದಪಾಠಶಾಲೆಯ ಉಡುಪರ ವಿಧವೆ ಮಗಳು ಯಮುನಕ್ಕ ಬಸಿರಾಗುತ್ತಾಳೆ. ಬಸಿರಿಗೆ ಕಾರಣನಾದವನು ಮರೆಯಾಗುತ್ತಾನೆ. ಬದುಕಿರುವ ಮಗಳಿಗೆ ತಂದೆಯೇ ಸತ್ತವರ ಕರ್ಮವನ್ನು ಮಾಡಿ ಜಾತಿಯಿಂದ ಹೊರಹಾಕುತ್ತಾನೆ. ಇದೆಲ್ಲವನ್ನೂ ನಾಣಿಯೆಂಬ ಪುಟ್ಟ ವಟುವಿನ ಕಣ್ಣಿನಿಂದ ನೋಡುತ್ತೇವೆ. ಕೊನೆಯಲ್ಲಿ ತಲೆ ಬೋಳಿಸಿಕೊಂಡು ಮರದಡಿ ಒಬ್ಬಳೇ ಕುಳಿತ ಯಮುನಕ್ಕನನ್ನು ಬಿಟ್ಟು ಹುಡುಗ ಹೊರಡಬೇಕಾಗುತ್ತದೆ. ಅಷ್ಟರಲ್ಲಿ ಉಡುಪರಿಗೆ ಎಳೆಯ ಹೆಣ್ಣೊಂದನ್ನು ತರುವ ಮಾತು ನಡೆದಿರುತ್ತದೆ. ಆ ಮಾತನ್ನು ನಿರ್ದೇಶಕರು ಒತ್ತಿ ಹೇಳುವುದಿಲ್ಲ, ಹಾದುಹೋಗುವಂತೆ ಬಿಡುತ್ತಾರೆ. ಉಡುಪರೂ ಮಗಳನ್ನು ಪ್ರೀತಿಸದವರಲ್ಲ ಎಂಬುದು ಇಲ್ಲಿಯೂ ನಮ್ಮನ್ನು ಬಾಧಿಸುವ ಸಂಗತಿ. ಭೈರಪ್ಪನವರ ಕಾದಂಬರಿಯಿಂದ ಬಂದ ‘ವಂಶವೃಕ್ಷ’ದ ಶ್ರೋತ್ರಿಯರಾದರೋ ಸಾತ್ತ್ವಿಕರಲ್ಲಿ ಸಾತ್ತ್ವಿಕರು, ಆದರೂ ಅವರ ವಿಧವೆ ಸೊಸೆ ಕಾತ್ಯಾಯಿನಿ ಮರುಮದುವೆಯಾಗಿ ನೆಮ್ಮದಿ ಕಾಣಲಿಲ್ಲ. ಲೇಖಕರು ಅವಳಿಗೆ ಸ್ವಲ್ಪ ಹೆಚ್ಚಾಗಿಯೇ ದಂಡ ವಿಧಿಸಿದರೆಂದು ನನ್ನ ಭಾವನೆ. ಶಿವರಾಮ ಕಾರಂತರ ‘ಮೂಕಜ್ಜಿ’ ಮಾತ್ರ ಬಾಲವಿಧವೆಯಾದರೂ ಯಾರ ದಂಡಕ್ಕೂ ಸಿಕ್ಕದೆ, ದೇವರನ್ನೂ ಇತಿಹಾಸವನ್ನೂ ಮಾತಿಗೆಳೆದು ನಗುವವಳು, 2019ರಲ್ಲಿ ಪಿ. ಶೇಷಾದ್ರಿಯವರ ಚಿತ್ರದಲ್ಲಿ ಬಿ. ಜಯಶ್ರೀ ಆ ಪಾತ್ರವನ್ನು ಧರಿಸಿದರು.

ತೆರೆಯ ಹೊರಗೆ ಬಾಳಿದವರನ್ನು ಮರೆತು ತೆರೆಯ ಮೇಲಿನವರನ್ನು ಹೊಗಳುವುದು ನ್ಯಾಯವಲ್ಲ. ಕಾರ್ಕಳದ ಬಳಿಯ ಮಾಳದ ಮೂಲದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳು ಪಂಡಿತಾ ರಮಾಬಾಯಿ, ತಾವೂ ಪತಿಯನ್ನು ಕಳೆದುಕೊಂಡು, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾಸದನವನ್ನು ತೆರೆದರು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಷ್ಟು ಹಿಂದೆಯೇ ವಿಧವೆಯನ್ನು ಓದಿಸಿ, ಮರುಮದುವೆ ಮಾಡಿಸಿ, ಸುಖವಾಗಿ ಬಾಳಿಸಿತು. ನಂಜನಗೂಡಿನ ತಿರುಮಲಾಂಬಾ ಹದಿಹರೆಯದಲ್ಲಿಯೇ ವಿಧವೆಯಾಗಿ, ಮನೆಯೊಳಗೆ ಕುಳಿತೇ ಕಾದಂಬರಿಗಳನ್ನು ಬರೆದು, ‘ಸತೀಹಿತೈಷಿಣಿ’ ಗ್ರಂಥಮಾಲೆಯನ್ನು 1913ರಲ್ಲಿ ಆರಂಭಿಸಿ, ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನು ನಡೆಸಿದವರು. ಅವರು ತೀರಿಕೊಂಡದ್ದು 1982ರಲ್ಲಿ, ‘ಫಣಿಯಮ್ಮ’ ಚಿತ್ರ ಪ್ರಶಸ್ತಿ ಗಳಿಸಿದ ಸಾಲಿನಲ್ಲಿಯೇ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟವನ್ನು ಕಟ್ಟಿ, ‘ಸರಸ್ವತಿ’ ಪತ್ರಿಕೆಯನ್ನು ದಶಕಗಳ ಕಾಲ ನಡೆಸಿದ ಆರ್. ಕಲ್ಯಾಣಮ್ಮನವರೂ ಬಾಲವಿಧವೆಯೇ. ಕಾನೂನಿನ ಕಥೆ ಬೇರೆ. 1856ರಲ್ಲಿ ಬ್ರಿಟಿಷ್ ಸೀಮೆಯಲ್ಲಿ ವಿಧವಾವಿವಾಹಕ್ಕೆ ಮಾನ್ಯತೆ ದೊರೆಯಿತು. ನಮ್ಮ ಮೈಸೂರು ಸಂಸ್ಥಾನ 1894ರಲ್ಲಿ, ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನೂ, ಐವತ್ತು ಮೀರಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಕೈಹಿಡಿಯುವುದನ್ನೂ ನಿಷೇಧಿಸಿತು. ಆ ಮಿತಿಗಳನ್ನು ಕೇಳಿದರೇ ಅಂದಿನ ವಾಡಿಕೆ ಎಂತಹುದಿದ್ದಿರಬೇಕೆಂಬುದು ತಿಳಿಯುತ್ತದೆ.

ಇದು ಬ್ರಾಹ್ಮಣರ ಮನೆಯ ಕಥೆ, ನಮ್ಮದಲ್ಲವೆಂದು ಈ ಸಭೆಯಲ್ಲಿ ಕೆಲವರು ಮನಸ್ಸಿನಲ್ಲಿಯೇ ಅಂದುಕೊಳ್ಳುತ್ತಿರಬಹುದು. ಮಾತು ಅರ್ಧ ನಿಜ. ನಮ್ಮ ಹೊಸಕೋಟೆ ಸೀಮೆಯ ಒಕ್ಕಲು ಮನೆಗಳಲ್ಲಿ ಮಡಿ ಹೆಂಗಸಿನ ಬೋಳುತಲೆಯಿರಲಿಲ್ಲ. ಗಂಡ ಸತ್ತವಳಿಗೆ ಕೂಡಿಕೆಯ ದಾರಿಯಿತ್ತು. ಆದರೆ ಆ ಕೂಡಿಕೆಗೆ ಧಾರೆಯ ಚಪ್ಪರವಿರಲಿಲ್ಲ, ಓಲಗವಿರಲಿಲ್ಲ. ಸಂಜೆಗತ್ತಲಲ್ಲಿ ಸೀರೆ ಕೊಟ್ಟು ಮುಗಿಸುತ್ತಿದ್ದರು. ಕೂಡಿಕೆಯಾದವಳು ಮುತ್ತೈದೆಯರ ಸಾಲಿಗೆ ಪೂರ್ತಿಯಾಗಿ ಸೇರುತ್ತಲೂ ಇರಲಿಲ್ಲ. ಇಂದು ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳು ಊರ ಬಾಗಿಲಿಗೇ ಬಂದಿವೆ, ಹೊಲಗಳು ಸೈಟುಗಳಾಗಿವೆ. ಆದರೂ ಮದುವೆಯ ಛತ್ರದಲ್ಲಿ ಅರಿಶಿನ ಕುಂಕುಮದ ತಟ್ಟೆ ಹಿಡಿದ ಹುಡುಗಿ ಸಾಲಿನಲ್ಲಿ ಒಬ್ಬೊಬ್ಬರಿಗೂ ಇಕ್ಕುತ್ತ ಬರುವುದನ್ನು ಗಮನವಿಟ್ಟು ನೋಡಿ. ಒಂದು ಕುರ್ಚಿಯ ಮುಂದೆ ಅವಳ ಕೈ ಕ್ಷಣಮಾತ್ರ ತಡೆಯುತ್ತದೆ, ಹೆಜ್ಜೆ ಮುಂದಿನ ಕುರ್ಚಿಗೆ ಹೋಗುತ್ತದೆ. ಬಿಟ್ಟ ಕುರ್ಚಿಯಲ್ಲಿ ಕುಳಿತಾಕೆ ಸೆರಗು ಸರಿಪಡಿಸಿಕೊಳ್ಳುವಂತೆ ಮುಖವನ್ನು ಆಚೆ ತಿರುಗಿಸುತ್ತಾಳೆ. ಆ ಹುಡುಗಿಗೆ ಯಾರೂ ಹೀಗೆ ಮಾಡೆಂದು ಹೇಳಿಕೊಟ್ಟಿಲ್ಲ. ರೇಷ್ಮೆ ಬಿಡಿಸಿ, ರಾಗಿ ಬೀಸಿ, ಹಾಲು ಡೈರಿಗೆ ಹಾಕಿ, ಮಗಳ ಮದುವೆಗೆ ಕಾಸು ಕೂಡಿಸಿದ ತಾಯಿ, ಮಗಳನ್ನು ಧಾರೆಯೆರೆಯುವ ಹೊತ್ತಿಗೆ ಕಂಬದ ಮರೆಗೆ ಸರಿದು, ಮೈದುನನೂ ಓರಗಿತ್ತಿಯೂ ಹಸೆಯ ಮೇಲೆ ಕೂರುವುದನ್ನು ನೋಡುತ್ತ ನಿಲ್ಲುತ್ತಾಳೆ. ಸರ್ಕಾರ 1984ರಿಂದ ನಿರ್ಗತಿಕ ವಿಧವೆಯರಿಗೆ ಮಾಸಾಶನ ಕೊಡುತ್ತಿದೆ. ಹಸೆಯ ಮೇಲೆ ಸ್ಥಾನ ಕೊಡುವುದು ಸರ್ಕಾರದ ಕೈಯಲ್ಲಿಲ್ಲ.

ಈ ವಾಡಿಕೆ ಅಲುಗದ ಕಲ್ಲೇನೂ ಅಲ್ಲ. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದಲ್ಲಿ 2011ರ ನವರಾತ್ರಿಯಲ್ಲಿ ಬಿ. ಜನಾರ್ದನ ಪೂಜಾರಿಯವರ ಮುಂದಾಳ್ತನದಲ್ಲಿ ವಿಧವೆಯರು ಬೆಳ್ಳಿಯ ರಥವನ್ನೆಳೆದರು. 2013ರಲ್ಲಿ ವಿಧವೆಯರಿಬ್ಬರು ಅದೇ ಕ್ಷೇತ್ರದಲ್ಲಿ ಅರ್ಚಕರಾಗಿ ಗರ್ಭಗುಡಿಯನ್ನು ಪ್ರವೇಶಿಸಿದರು. ನಾರಾಯಣಗುರುಗಳು ಪ್ರತಿಷ್ಠೆ ಮಾಡಿದ ದೇವಸ್ಥಾನಕ್ಕೆ ಅದು ಒಪ್ಪುವ ಕಾರ್ಯವೇ. ಬೆಳಗಾವಿಯ ಗಡಿಗೆ ಸಮೀಪವಾದ ಕೊಲ್ಲಾಪುರ ಜಿಲ್ಲೆಯ ಹೇರವಾಡವೆಂಬ ಗ್ರಾಮದಲ್ಲಿ 2022ರ ಮೇ ತಿಂಗಳಲ್ಲಿ, ಗಂಡ ಸತ್ತವಳ ಬಳೆ ಒಡೆಯುವುದು, ತಾಳಿ ತೆಗೆಯುವುದು, ಕುಂಕುಮ ಅಳಿಸುವುದು, ಶುಭಕಾರ್ಯಗಳಿಂದ ದೂರವಿಡುವುದು ಇವೆಲ್ಲವನ್ನೂ ನಿಲ್ಲಿಸತಕ್ಕದ್ದೆಂದು ಗ್ರಾಮಸಭೆ ನಿರ್ಣಯ ಮಾಡಿತು. ಕೆಲವೇ ದಿನಗಳಲ್ಲಿ ಮಹಾರಾಷ್ಟ್ರ ಸರ್ಕಾರ ಅದನ್ನೇ ಮೇಲ್ಪಂಕ್ತಿಯಾಗಿ ಹಿಡಿಯುವಂತೆ ಉಳಿದ ಗ್ರಾಮಗಳಿಗೂ ಸುತ್ತೋಲೆ ಕಳುಹಿಸಿತು. ನಿರ್ಣಯವೊಂದರಿಂದ ತಟ್ಟೆ ಹಿಡಿದ ಕೈ ತಿರುಗುತ್ತದೆಯೆ ಎಂದು ಕೇಳಿದರೆ, ಒಂದೇ ದಿನಕ್ಕೆ ತಿರುಗುವುದಿಲ್ಲ; ಆದರೆ ತಿರುಗಿಸಬೇಕೆಂದಿರುವ ಕೈಗೆ, ಊರೇ ಒಪ್ಪಿದೆಯಲ್ಲಾ ಎಂಬ ಬೆಂಬಲ ಸಿಗುತ್ತದೆ. ದಾಕ್ಷಾಯಿಣಿಗೆ ಫಣಿಯಮ್ಮನಿಂದ ಸಿಕ್ಕದ್ದು ಅಂಥ ಬೆಂಬಲವೇ.

ಆದುದರಿಂದ ವೇದಿಕೆಯಲ್ಲಿರುವ ಪಂಚಾಯಿತಿಯ ಸದಸ್ಯರಲ್ಲಿಯೂ, ಮುಂದಿನ ಸಾಲಿನಲ್ಲಿ ಕುಳಿತಿರುವ ಸ್ವಸಹಾಯ ಸಂಘಗಳ ತಾಯಂದಿರಲ್ಲಿಯೂ ನನ್ನ ವಿನಂತಿ ಇದು: ಸಮೇತನಹಳ್ಳಿಯ ಮುಂದಿನ ಗ್ರಾಮಸಭೆಯಲ್ಲಿ ಹೇರವಾಡದ ಮಾದರಿಯ ನಿರ್ಣಯವೊಂದನ್ನು ಮಂಡಿಸಿ. ಅದನ್ನು ಓದುವ ಕೆಲಸವನ್ನು ಗಂಡನನ್ನು ಕಳೆದುಕೊಂಡ ಹಿರಿಯಳೊಬ್ಬಳಿಗೆ ವಹಿಸಿ, ಅದಕ್ಕೆ ಮೊದಲು ಗ್ರಂಥಾಲಯದಲ್ಲಿ ಒಂದು ಸಂಜೆ ‘ಫಣಿಯಮ್ಮ’ನನ್ನು ತೋರಿಸಿ.