ವಲಸೆ ಕಾರ್ಮಿಕರ ಹಕ್ಕು ಮತ್ತು ವಿದ್ಯಾರ್ಥಿ ಸಮುದಾಯ

ದಕ್ಷಿಣ ಕನ್ನಡದ ವಾಮದಪದವಿನ ಆಸುಪಾಸಿನ ಕೆಂಪುಕಲ್ಲಿನ ಕೋರೆ, ಅಡಿಕೆ ತೋಟ ಮತ್ತು ಕಟ್ಟಡ ಕಾಮಗಾರಿಗಳಲ್ಲಿ ಇಂದು ಉತ್ತರ ಕರ್ನಾಟಕದವರ ಜೊತೆಗೆ ಹೊರರಾಜ್ಯದ ಕಾರ್ಮಿಕರೂ ದುಡಿಯುತ್ತಿದ್ದಾರೆ. ಹಿಂದೆ ಇದೇ ಜಿಲ್ಲೆಯ ಹುಡುಗರು ಹೊಟ್ಟೆಪಾಡಿಗಾಗಿ ಮುಂಬಯಿ ಸೇರಿ, ಹಗಲು ಹೋಟೆಲುಗಳಲ್ಲಿ ದುಡಿದು, ಸಂಜೆಯ ಬಳಿಕ ಕನ್ನಡ ರಾತ್ರಿಶಾಲೆಗಳಲ್ಲಿ ಓದುತ್ತಿದ್ದರು. ಅಲ್ಲಿ ವಲಸಿಗನೂ ವಿದ್ಯಾರ್ಥಿಯೂ ಒಬ್ಬನೇ ಆಗಿದ್ದುದರಿಂದ ನೆರವು ಕೊಡುವವರು, ಪಡೆಯುವವರು ಎಂಬ ಅಂತರ ಅಷ್ಟಾಗಿ ಇರಲಿಲ್ಲ.

ಈ ಅಂತರ ಕಾಲೇಜುಗಳಲ್ಲಿ ಎದ್ದು ಕಂಡಿತು. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ 37 ವಿಶ್ವವಿದ್ಯಾನಿಲಯಗಳ 40,000 ವಿದ್ಯಾರ್ಥಿಗಳೊಂದಿಗೆ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯು ಏಳು ದಿನಗಳ ವಾರ್ಷಿಕ ಶಿಬಿರ ಹಾಗೂ ಶ್ರಮದಾನಗಳ ಮೂಲಕ ವಿದ್ಯಾರ್ಥಿಗಳನ್ನು ಹಳ್ಳಿಗಳಿಗೆ ಕರೆತಂದಿತಾದರೂ, ಅದರ ನೆಲೆ ಸೇವೆಯದಾಗಿತ್ತೇ ಹೊರತು ಹಕ್ಕೊತ್ತಾಯದ್ದಾಗಿರಲಿಲ್ಲ. ಹಕ್ಕಿನ ಭಾಷೆಯನ್ನು ಒದಗಿಸಿದ್ದು 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆ. ಐವರು ಅಥವಾ ಹೆಚ್ಚು ಅಂತರರಾಜ್ಯ ವಲಸೆ ಕಾರ್ಮಿಕರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತಿದ್ದ ಅದು ಗುತ್ತಿಗೆದಾರರಿಗೆ ಪರವಾನಗಿಯನ್ನು ಕಡ್ಡಾಯಗೊಳಿಸಿ, ಪ್ರಯಾಣಭತ್ಯೆಯನ್ನೂ ಊರು ಬಿಟ್ಟು ಬಂದುದಕ್ಕಾಗಿ ಕೊಡಬೇಕಾದ ಸ್ಥಳಾಂತರ ಭತ್ಯೆಯನ್ನೂ ವಿಧಿಸಿತು.

ಸೇವೆ ಮತ್ತು ಹಕ್ಕು ಒಂದೆಡೆ ಕೂಡಿದ್ದು 2020ರ ಲಾಕ್‌ಡೌನ್‌ನಲ್ಲಿ. ಆ ವರ್ಷದ ಮಾರ್ಚ್ ಕೊನೆಯಲ್ಲಿ ರೂಪುಗೊಂಡ ‘ಸ್ವಾನ್’ ಎಂಬ ಸ್ವಯಂಸೇವಕರ ಜಾಲದಲ್ಲಿ ಅಧ್ಯಾಪಕರು, ಸಂಶೋಧಕರು ಹಾಗೂ ವಿದ್ಯಾರ್ಥಿಗಳು ಕಾರ್ಮಿಕರ ದೂರವಾಣಿ ಕರೆಗಳನ್ನು ಸ್ವೀಕರಿಸಿ, ಎಷ್ಟು ದಿನಗಳ ದಿನಸಿ ಉಳಿದಿದೆ, ಕೈಯಲ್ಲಿ ಎಷ್ಟು ಹಣವಿದೆ, ಮಾಲೀಕ ಕೂಲಿ ಕೊಟ್ಟಿದ್ದಾನೆಯೇ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ಹೀಗೆ 11,159 ಕಾರ್ಮಿಕರಿಂದ ಕಲೆಹಾಕಿದ ಮಾಹಿತಿಯನ್ನು ಏಪ್ರಿಲ್‌ನಲ್ಲಿ ಪ್ರಕಟಿಸಿದಾಗ, ಶೇ 96ರಷ್ಟು ಮಂದಿಗೆ ಸರ್ಕಾರದ ಪಡಿತರ ಸಿಕ್ಕಿರಲಿಲ್ಲ, ಶೇ 89ರಷ್ಟು ಮಂದಿಗೆ ಮಾಲೀಕರಿಂದ ಕೂಲಿ ಬಂದಿರಲಿಲ್ಲ ಎಂಬುದು ಬಯಲಾಯಿತು. ಮೇ ತಿಂಗಳಲ್ಲಿ ಕಟ್ಟಡ ಉದ್ಯಮಿಗಳ ಜೊತೆ ಮಾತುಕತೆ ನಡೆದ ಬೆನ್ನಿಗೇ ಕರ್ನಾಟಕ ಸರ್ಕಾರ ಕಾರ್ಮಿಕರನ್ನು ಊರಿಗೆ ಮರಳಿಸುವ ವಿಶೇಷ ರೈಲುಗಳ ಕೋರಿಕೆಯನ್ನು ಹಿಂತೆಗೆದುಕೊಂಡು, ತೀವ್ರ ಟೀಕೆಗಳ ನಂತರ ಮತ್ತೆ ರೈಲು ಬಿಡಲು ಒಪ್ಪಿತು.

1979ರ ಕಾಯಿದೆಯ ಬದಲಿಗೆ ಅದೇ 2020ರಲ್ಲಿ ಸಂಸತ್ತು ಅಂಗೀಕರಿಸಿದ ಔದ್ಯೋಗಿಕ ಸುರಕ್ಷತಾ ಸಂಹಿತೆಯು, ತಾವಾಗಿಯೇ ಕೆಲಸ ಹುಡುಕಿ ಬಂದವರನ್ನೂ ವಲಸೆ ಕಾರ್ಮಿಕರೆಂದು ಗುರುತಿಸಿತಾದರೂ, ವಲಸೆ ಕುರಿತ ಅಧ್ಯಾಯದ ಅನ್ವಯದ ಮಿತಿಯನ್ನು ಐವರಿಂದ ಹತ್ತು ಮಂದಿಗೆ ಏರಿಸಿತು. ಏಳೆಂಟು ಮಂದಿಯ ತಂಡ ದುಡಿಯುವ ಕೋರೆ ಇದರಿಂದ ಆ ರಕ್ಷಣೆಯ ಹೊರಗುಳಿಯುತ್ತದೆ. ಆದ್ದರಿಂದ ಕಾನೂನಿನ ಕಣ್ಣಿಗೆ ಬೀಳದ ಇಂಥ ಸಣ್ಣ ಕೆಲಸದ ತಾಣಗಳಲ್ಲಿ ಕೂಲಿಯ ಲೆಕ್ಕವನ್ನೂ ಕೆಲಸದ ದಿನಗಳನ್ನೂ ಕಾರ್ಮಿಕರೊಂದಿಗೆ ಕೂತು ದಾಖಲಿಸುವುದು, ಗ್ರಾಮೀಣ ಕಾಲೇಜುಗಳ ವಿದ್ಯಾರ್ಥಿಗಳಿಗೆ ಶ್ರಮದಾನಕ್ಕಿಂತ ಮುಖ್ಯವಾದ ಸಂಘಟನಾ ಕಾರ್ಯವಾಗಬಲ್ಲದು.