ಅಜ್ಜಿಯರಿಗೂ ಅಂಗಸಾಧನೆ
(ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ಮಕ್ಕಳ ಆಟೋಟಗಳನ್ನು ಕಂಡು ಈಗತಾನೇ ಸಂತೋಷಪಟ್ಟೆವು. ಅಂಗಸಾಧನೆಯ ಅಗತ್ಯ ಯಾರಿಗೆ ಹೆಚ್ಚೆಂದು ಕೇಳಿದರೆ, ಇಲ್ಲಿ ಕುಳಿತಿರುವ ಅಜ್ಜಿಯರ ಕಡೆಗೇ ನಾವು ಕೈತೋರುತ್ತೇವೆ. ಇದು ವಿನೋದದ ಮಾತಲ್ಲ.

ನಮ್ಮ ಕಾಸರಗೋಡಿನ ಹಿರಿಯ ಹೆಂಗಸರು ಒಂದು ಕಾಲದಲ್ಲಿ ಬಾವಿಯಿಂದ ನೀರು ಸೇದಿದರು, ಒನಕೆಯಿಂದ ಭತ್ತ ಕುಟ್ಟಿದರು, ಕಡೆಯುವ ಕಲ್ಲನ್ನು ತಿರುಗಿಸಿದರು. ಆ ಕಷ್ಟ ಮರಳಿ ಬರಲೆಂದು ನಾವು ಬಯಸುವುದಿಲ್ಲ. ಆದರೆ ಪಂಪೂ ಮಿಕ್ಸಿಯೂ ಬಂದಾಗ, ಕಷ್ಟದ ಜೊತೆಗೆ ದೇಹಬಲವನ್ನು ಕಾಯುತ್ತಿದ್ದ ಅಭ್ಯಾಸವೂ ಹೊರಟುಹೋಯಿತು. ವಯಸ್ಸೇರಿದಂತೆ ಮಾಂಸಖಂಡಗಳು ಕ್ಷೀಣಿಸುತ್ತವೆ. ಋತುಸ್ರಾವ ನಿಂತ ತರುವಾಯ ಸ್ತ್ರೀಯರ ಎಲುಬುಗಳು ಬೇಗಬೇಗನೆ ಸವೆಯುತ್ತವೆ. ಮಳೆಗಾಲದ ಪಾಚಿಗಟ್ಟಿದ ಅಂಗಳದಲ್ಲಿ ಒಮ್ಮೆ ಜಾರಿದರೆ ಸಾಕು, ಮನೆಯನ್ನೆಲ್ಲ ನಡೆಸಿದವರು ಹಾಸಿಗೆ ಹಿಡಿದು ಪರಾಧೀನರಾಗಬಹುದು.

ಇನ್ನು ತಡವಾಯಿತೆಂದು ಯಾರೂ ನಿರಾಶರಾಗಬೇಕಾಗಿಲ್ಲ. ಅಮೆರಿಕದ ಬಾಸ್ಟನ್ನಿನಲ್ಲಿ ಮರಿಯಾ ಫಿಯಾಟರೋನ್ ಎಂಬ ವೈದ್ಯೆಯೂ ಅವರ ಸಂಗಡಿಗರೂ ಸುಮಾರು 90 ವರ್ಷದ 10 ಮಂದಿ ದುರ್ಬಲ ವೃದ್ಧ ಸ್ತ್ರೀಪುರುಷರಿಂದ 8 ವಾರ ಕಾಲುಗಳಿಗೆ ಭಾರದ ಸಾಧನೆ ಮಾಡಿಸಿದರು. 1990ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸಾಧನೆಯನ್ನು ಪೂರೈಸಿದವರ ಕಾಲ್ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತ್ತು! ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ, ವೃದ್ಧರೂ ವಾರಕ್ಕೆ ಕನಿಷ್ಠ 2 ದಿನ ಬಲವರ್ಧಕ ವ್ಯಾಯಾಮ ಮಾಡಬೇಕೆಂದು ಸೂಚಿಸಿತು.

ಆರಂಭ ಸುಲಭ. ಗಟ್ಟಿಯಾದ ಕುರ್ಚಿಯನ್ನು ಗೋಡೆಗೆ ತಾಗಿಸಿ, ಕೈಯೂರದೆ 8–10 ಬಾರಿ ಎದ್ದು ಕುಳಿತುಕೊಳ್ಳಿರಿ. ಗೋಡೆಗೆ ಅಂಗೈಯೂರಿ ಮೈಯನ್ನು ಬಾಗಿಸಿ ಹಿಂದಕ್ಕೆ ತಳ್ಳಿರಿ. ಒಂದು ಲೀಟರು ನೀರಿನ ಬಾಟಲಿಯನ್ನು ಮೆಲ್ಲನೆ ಎತ್ತಿ ಇಳಿಸಿರಿ. ಉಸಿರನ್ನು ಬಿಗಿಹಿಡಿಯಬೇಡಿರಿ, ನಡುವೆ ಒಂದು ದಿನ ವಿಶ್ರಮಿಸಿರಿ. ಸಾಧನೆ ಹಗುರವೆನಿಸಿದೊಡನೆ ಭಾರವನ್ನು ಸ್ವಲ್ಪ ಹೆಚ್ಚಿಸಬೇಕು. ಬಲ ಬೆಳೆಯುವ ಗುಟ್ಟು ಇದೇ. ಹೃದ್ರೋಗ, ರಕ್ತದೊತ್ತಡ, ಎಲುಬಿನ ಸವೆತ ಉಳ್ಳವರು ಮೊದಲು ವೈದ್ಯರನ್ನು ಕೇಳಬೇಕು. ಎದೆನೋವು, ತಲೆಸುತ್ತು ಕಂಡರೆ ಕೂಡಲೇ ನಿಲ್ಲಿಸಬೇಕು.

ತಾಯಂದಿರಲ್ಲಿ ಒಂದು ಬಿನ್ನಹ: ಎಲ್ಲರೂ ಉಂಡು ಮಿಕ್ಕುದನ್ನು ಉಣ್ಣುವ ಪದ್ಧತಿಯನ್ನು ಬಿಡಿರಿ. ಬೇಳೆ, ಹಾಲು, ಮೊಟ್ಟೆ, ಮೀನುಗಳಲ್ಲಿ ನಿಮಗೂ ಪಾಲಿದೆ. ಆಹಾರವಿಲ್ಲದೆ ಮಾಂಸಖಂಡ ಬೆಳೆಯದು.

ವಿದ್ಯಾರ್ಥಿಗಳೇ, ನಿಮಗೂ ಒಂದು ಕೆಲಸವಿದೆ. ಅಜ್ಜಿ ಕುರ್ಚಿಯಿಂದ ಏಳುವಾಗ ಪಕ್ಕದಲ್ಲಿ ನಿಂತು ಒಂದು, ಎರಡು, ಮೂರು ಎಂದು ಕನ್ನಡದಲ್ಲಿ ಎಣಿಸಿರಿ. ನಿಮಗೆ ಮೊದಲು ನಡೆ ಕಲಿಸಿದ ಕೈ ಅವರದು. ಅವರು ಯಾರ ಹಂಗೂ ಇಲ್ಲದೆ ಎದ್ದು ನಿಲ್ಲುವಂತಾಗಲೆಂದು ಹಾರೈಸಿ ವಿರಮಿಸುತ್ತೇವೆ.