ಸಭೆಯ ಹಾಡು ಬದಲಾದಾಗ



1956ರ ನವೆಂಬರ್ 1ರ ತನಕ ನಿಲಂಗಾ, ಉದಗೀರ ಬೀದರ ಜಿಲ್ಲೆಯೊಳಗೇ ಇದ್ದವು. ಗಡಿ ಸರಿಯಿತು, ಊರು ಸರಿಯಲಿಲ್ಲ. ಮನೆಮಾತು ಕನ್ನಡ, ಮಕ್ಕಳ ಸಾಲಿ ಮರಾಠಿ. ಈಗ ನಮ್ಮ ಸಭೆಯ ಆರಾಧನೆಯೂ ಮರಾಠಿಗೆ ತಿರುಗಿದೆ. "ಕನ್ನಡ ಹಾಡು ಹೋತು, ಇನ್ನ ಸಭೆನೂ ಹೋತು" ಅಂತಾರ ಹಿರಿಯರು. ನಾನೂ ಸಿಟ್ಟಿಲೆ ಎರಡು ಐತವಾರ ಮನ್ಯಾಗೇ ಕೂತೆ.

ಎರಡನೆಯ ಐತವಾರ ಮೊಮ್ಮಗಳ ನೋಟ್‌ಬುಕ್ ಕಣ್ಣಿಗೆ ಬಿತ್ತು. ಅವಳಿಗೆ ಕನ್ನಡ ಓದಾಕ ಬರಂಗಿಲ್ಲ. ಆದರೂ ನನ್ನ ತಾಯಿ ಹಾಡುತ್ತಿದ್ದ ಕನ್ನಡ ಹಾಡನ್ನೇ ಮರಾಠಿ ಅಕ್ಷರದಲ್ಲಿ ಬರಕೊಂಡಿದ್ದಳು. ನನ್ನ ತಾಯಿಗೂ ಅಕ್ಷರ ಬರುತ್ತಿರಲಿಲ್ಲ. ನಾನು ಹೋತು ಅಂತ ಅಳುತ್ತಿದ್ದದ್ದನ್ನು ಈ ಹುಡುಗಿ ಜೋಪಾನ ಮಾಡಿದ್ದಳು.

ನಂಬಿಕೆ ಅಂದರೆ ಬಾಯಿ ಮುಚ್ಚಿ ಕೂಡೂದಲ್ಲ. 1950ರ ರಾಷ್ಟ್ರಪತಿ ಆದೇಶದಿಂದ ಕ್ರೈಸ್ತ ದಲಿತರು ಪರಿಶಿಷ್ಟ ಜಾತಿಯ ಪಟ್ಟಿಯ ಹೊರಗೆ ಉಳಿದರು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು. ನಮ್ಮ ಕೇಳಿಕೆ ನಾವು ಬಿಡಬಾರದು. ಆದರ ನಮ್ಮ ಮಕ್ಕಳ ಮ್ಯಾಲೆ ಮುನಿಸಿಕೊಳ್ಳೂದು ಎಂಥಾ ಹೋರಾಟ?

1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪದಲ್ಲಿ ಉಮರ್ಗಾ ಕಡೆ ಮನೆಗಳು ಬಿದ್ದವು. ಅವತ್ತು ಬಯಲಾಗ ನಿಂತು ಮಾಡಿದ ಪ್ರಾರ್ಥನೆ ಯಾವ ಭಾಷೆಯದಿತ್ತೋ, ನನಗೆ ನೆನಪೇ ಇಲ್ಲ.

ಪಾಸ್ಟರರ ಹತ್ತಿರ ಮಾತಾಡಿದ್ದೇನೆ. ಮರಾಠಿ ಆರಾಧನೆ ನಡೀಲಿ, ಕೊನೆಗೆ ಎರಡು ಕನ್ನಡ ಹಾಡು ಇರ್ತಾವ. ಶನಿವಾರ ಸಂಜೆ ಸಂಘದ ಖೋಲಿಯೊಳಗ ಕನ್ನಡ ಅಕ್ಷರ ಕಲಿಸ್ತೀನಿ. ಪಾಟಿ ನಾನು ತರ್ತೀನಿ, ಹುಡುಗರನ್ನ ನೀವು ಕರ್ಕೊಂಡು ಬರ್ರಿ.